ದಾಳದ ಮಾತು, ಸೂತ್ರಧಾರನ ಮಾತು

ಆಟವು ಮಕ್ಕಳ ವಿಷಯ, ಧರ್ಮಜಿಜ್ಞಾಸೆಯು ಪಂಡಿತರ ವಿಷಯ ಎಂದು ವಿಭಾಗಮಾಡಿಕೊಂಡಿರುವವರು ನಮ್ಮಲ್ಲಿ ಬಹುಮಂದಿ. ನಮ್ಮ ಪೂರ್ವಿಕರು ಹಾಗೆ ವಿಭಾಗಿಸಿದಂತೆ ತೋರುವುದಿಲ್ಲ. ಸಭಾಪರ್ವದಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಯು ಮೂಲತಃ ಆಟದ ನಿಯಮವೊಂದನ್ನು ಕುರಿತ ಪ್ರಶ್ನೆಯೇ ಆಗಿದೆ: ತನ್ನನ್ನೇ ಸೋತುಕೊಂಡವನಿಗೆ ಮತ್ತೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರವುಂಟೋ ಇಲ್ಲವೋ? ಭೀಷ್ಮನಂತಹ ಧರ್ಮಜ್ಞನೂ ಅದಕ್ಕೆ ನೇರವಾದ ಉತ್ತರವನ್ನು ಕೊಡಲಾರದೆ ಹೋದನು. ಆದಕಾರಣ ಈಗಿನ ತರುಣರು ಮೇಜಿನ ಸುತ್ತ ಕುಳಿತು ಆಡುವ ಒಂದು ವಿದೇಶೀಯ ಆಟದ ನಿಯಮಗಳನ್ನು ಈ ಪತ್ರಿಕೆಯಲ್ಲಿ ವಿಚಾರಕ್ಕೆ ತೆಗೆದುಕೊಂಡರೆ ವಾಚಕ ಮಹಾಶಯರು ಹುಬ್ಬುಗಂಟಿಕ್ಕಬೇಕಾದುದಿಲ್ಲ.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್, ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಮೂರು ಸಣ್ಣ ಪುಸ್ತಕಗಳ ರೂಪದಲ್ಲಿ ಇದನ್ನು ಹೊರತಂದರು. ನಾಲ್ಕೈದು ಮಂದಿ ಸೇರುತ್ತಾರೆ. ಒಬ್ಬೊಬ್ಬನು ಒಂದೊಂದು ಪಾತ್ರವನ್ನು ವಹಿಸುತ್ತಾನೆ: ಒಬ್ಬನು ಖಡ್ಗಧಾರಿ, ಒಬ್ಬನು ಮಾಂತ್ರಿಕ, ಒಬ್ಬನು ಕಳ್ಳ. ಅವರಲ್ಲೊಬ್ಬನು ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ ಲೋಕವನ್ನೇ ವಹಿಸಿಕೊಳ್ಳುತ್ತಾನೆ. ಅವರು ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ನಾನು ಸೂತ್ರಧಾರನೆಂದು ಕರೆಯುವೆನು. ಬಾಗಿಲು ಅರ್ಧ ತೆರೆದಿದೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುವಿರಿ ಎಂದು ಅವನು ಕೇಳುತ್ತಾನೆ, ಅವರು ಹೇಳುತ್ತಾರೆ. ಮಾಡಹೊರಟ ಕಾರ್ಯವು ಕೈಗೂಡುವುದೋ ಇಲ್ಲವೋ ಎಂಬ ಸಂದೇಹವಿದ್ದಾಗ ಇಪ್ಪತ್ತು ಮುಖಗಳುಳ್ಳ ದಾಳವನ್ನು ಉರುಳಿಸುತ್ತಾರೆ. ಕಡೆಯಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕಥೆಯೊಂದು ಬೆಳೆದಿರುತ್ತದೆ, ಅಷ್ಟೆ.

ಇದರ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ನಡೆದರೆ ನಮ್ಮ ಚತುರಂಗಕ್ಕೇ ಬಂದು ಮುಟ್ಟುತ್ತೇವೆಂಬುದು ಸಂತೋಷದ ಸಂಗತಿ. ಪಾರಸೀಕರ, ಅರಬರ ಮೂಲಕ ಐರೋಪ್ಯರ ಕೈಸೇರಿದ ಚತುರಂಗವನ್ನು 1780ರಲ್ಲಿ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬ ಉಪಾಧ್ಯಾಯನು ನೂರಾರು ಮನೆಗಳ ಹಲಗೆಯಾಗಿ ವಿಸ್ತರಿಸಿ ಯುದ್ಧವನ್ನು ಕಲಿಸುವ ಆಟವನ್ನಾಗಿ ಮಾಡಿದನು. (ಉಪಾಧ್ಯಾಯನೆಂಬುದನ್ನು ನಾನು ಅಭಿಮಾನದಿಂದಲೇ ಗಮನಿಸಿದೆನು.) ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ಎಂಬವನು ತನ್ನ ತಂದೆ ಆರಂಭಿಸಿದ ಕೆಲಸವನ್ನು ಮುಂದುವರಿಸಿ, 1824ರಲ್ಲಿ ಭೂಪಟ, ದಾಳ, ಕೋಷ್ಟಕಗಳನ್ನೂ ಇಬ್ಬರ ನಡುವೆ ಒಬ್ಬ ಮಧ್ಯಸ್ಥನನ್ನೂ ಇಟ್ಟನು. ಕೋಷ್ಟಕಗಳು ಬೆಳೆದು ಬೆಳೆದು ಆಟವು ಕುಂಟತೊಡಗಿತು. ಆಗ ಫೆರ್ಡಿ ದ್ಯು ವೆರ್ನ್ವಾ ಎಂಬ ಸೇನಾಪತಿಯು 1876ರಲ್ಲಿ, ಕೋಷ್ಟಕಗಳೇತಕ್ಕೆ, ಅನುಭವಶಾಲಿಯಾದ ಮಧ್ಯಸ್ಥನು ತನ್ನ ವಿವೇಕದಿಂದಲೇ ನಿರ್ಣಯಿಸಲಿ ಎಂಬ ಪಕ್ಷವನ್ನು ಎತ್ತಿಹಿಡಿದನು. ನಿಯಮವು ದೊಡ್ಡದೋ ನಿರ್ಣಾಯಕನು ದೊಡ್ಡವನೋ ಎಂಬ ವಿವಾದವು ಹೀಗೆ ಈ ಆಟಕ್ಕೆ ಹುಟ್ಟಿನಿಂದಲೇ ಬಂದ ಆಸ್ತಿ. 1969ರಲ್ಲಿ ಮಿನ್ನೆಸೋಟದ ಡೇವಿಡ್ ವೆಸ್ಲಿ ಎಂಬವನು ನಡೆಸಿದ ಯುದ್ಧಕ್ರೀಡೆಯಲ್ಲಿ ಆಟಗಾರರು ಸೇನೆಗಳನ್ನು ಬಿಟ್ಟು ಒಬ್ಬೊಬ್ಬ ವ್ಯಕ್ತಿಯನ್ನು ವಹಿಸಿದರು. ಆರ್ನೆಸನ್ನನು ಅಲ್ಲಿ ಆಡಿದವನೇ.

ನಿಯಮಗಳು ತಮ್ಮತಮ್ಮಲ್ಲೇ ಕಲಹವಾಡಿದಾಗ ಏನು ಮಾಡಬೇಕೆಂಬುದಕ್ಕೆ ಇವರು 2014ರ ಪುಸ್ತಕದಲ್ಲಿ ಬರೆದುಕೊಂಡಿರುವ ವ್ಯವಸ್ಥೆಯನ್ನು ಕೇಳಿ ನನಗೆ ಪಾಠಶಾಲೆಯ ದಿನಗಳು ನೆನಪಾದವು. ವಿಶೇಷವಚನವು ಸಾಮಾನ್ಯವಚನವನ್ನು ಬಾಧಿಸುತ್ತದೆ ಎಂಬುದೇ ಆ ವ್ಯವಸ್ಥೆ. ಒಂದು ಸರದಿಗೆ ಒಂದೇ ಕಾರ್ಯವೆಂಬುದು ಸಾಮಾನ್ಯ. ಯೋಧನಿಗೆ ಒಂದು ಮಟ್ಟದ ಮೇಲೆ ಆಗೊಮ್ಮೆ ಎರಡನೆಯ ಕಾರ್ಯವೂ ಉಂಟೆಂಬುದು ವಿಶೇಷ. ವೈಯಾಕರಣರು ಉತ್ಸರ್ಗ, ಅಪವಾದ ಎಂದು ಕರೆದು ಎರಡು ಸಹಸ್ರ ವರ್ಷಗಳಿಗೂ ಮೇಲ್ಪಟ್ಟು ಬಳಸುತ್ತ ಬಂದಿರುವ ನ್ಯಾಯವೇ ಇದು. ಇನ್ನು ಪ್ರತಿಯೊಂದು ವಾಕ್ಯವನ್ನೂ ತನ್ನ ಲಾಭಕ್ಕಾಗಿ ಎಳೆದಾಡುವ ಆಟಗಾರನನ್ನು ಅವರು ರೂಲ್ಸ್ ಲಾಯರ್ ಎಂದು ಹಾಸ್ಯಮಾಡುತ್ತಾರೆ. ನೈಯಾಯಿಕರು ವಾದವನ್ನು ಜಲ್ಪವಿತಂಡೆಗಳಿಂದ ಬೇರ್ಪಡಿಸಿದ್ದು ಇಂತಹವರನ್ನು ಕಂಡೇ ಇರಬೇಕು.

ಈಗ ಮುಖ್ಯವಾದ ಪ್ರಶ್ನೆಗೆ ಬರುವೆನು. ಸೂತ್ರಧಾರನ ಮುಂದೆ ಒಂದು ರಟ್ಟಿನ ಮರೆಯಿರುತ್ತದೆ. ಶತ್ರುಗಳ ಪರವಾದ ದಾಳವನ್ನು ಅವನು ಆ ಮರೆಯ ಹಿಂದೆ ಉರುಳಿಸುತ್ತಾನೆ. ಆಟಗಾರನೊಬ್ಬನು ತಿಂಗಳುಗಟ್ಟಲೆ ಪ್ರೀತಿಯಿಂದ ಬೆಳೆಸಿದ ಪಾತ್ರವು ಆ ಒಂದು ಉರುಳಿನಿಂದ ಸಾಯಬೇಕಾಗಿ ಬಂದಿದೆಯೆಂದು ಇಟ್ಟುಕೊಳ್ಳೋಣ. ದಾಳದ ಮೇಲೆ ಇಪ್ಪತ್ತು ಬಿದ್ದಿದೆ. ಮರುಕದಿಂದ ಸೂತ್ರಧಾರನು ಏಳು ಬಿತ್ತೆಂದು ಹೇಳಬಹುದೇ?

ನಮ್ಮ ಮನೆಯಲ್ಲಿಯೇ ಇದು ನಡೆಯಿತು. ನನ್ನ ಮೊಮ್ಮಗಳು ವಹಿಸಿದ್ದ ಪಾತ್ರವನ್ನು ಅವಳ ಸೋದರತ್ತೆಯ ಮಗನು ಹೀಗೆಯೇ ಉಳಿಸಿ, ಬಹುದಿನಗಳ ಮೇಲೆ ಉಪಕಾರವೆಂಬಂತೆ ಅದನ್ನು ಬಾಯಿಬಿಟ್ಟನು. ಅವಳು ಸಂತೋಷಪಡಲಿಲ್ಲ. “ತಾತ, ಅಂದು ನಾನು ಆ ಘಟಸರ್ಪವನ್ನು ಗೆದ್ದೆ ಅಂದುಕೊಂಡಿದ್ದೆನಲ್ಲ, ಹಾಗಾದರೆ ಅದು ಯಾರ ಗೆಲುವು?” ಎಂದು ನನ್ನನ್ನು ಕೇಳಿದಳು. ಹುಡುಗನ ಸಮಾಧಾನವೂ ದುರ್ಬಲವಾದುದಲ್ಲ. “ಎಲ್ಲವೂ ಕಟ್ಟುಕಥೆ ತಾನೆ ತಾತ? ಕಟ್ಟುಕಥೆಯಲ್ಲಿ ಸುಳ್ಳೆಂಬುದೇನು ಬಂತು?” ಎಂದನು.

ಅವನ ಪಕ್ಷಕ್ಕೆ ಪ್ರಮಾಣವೂ ಉಂಟು. ಗೈಗ್ಯಾಕ್ಸನೇ 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ, ಎಚ್ಚರಿಕೆಯಿಂದ ಸರಿಯಾಗಿಯೇ ನಡೆದುಕೊಂಡವನು ಕೇವಲ ದಾಳದ ವಿಪರೀತದಿಂದ ಸಾಯುವಂತಾದರೆ ಆ ದಾಳವನ್ನು ಮೀರುವ ಹಕ್ಕು ಸೂತ್ರಧಾರನಿಗಿದೆಯೆಂದು ಒಪ್ಪಿದ್ದಾನೆ. ಮೂರ್ಖತನದಿಂದ ಸಾಯುವವನಿಗೆ ಮಾತ್ರ ಆ ರಕ್ಷಣೆಯಿಲ್ಲ. ಅಲ್ಲದೆ ರಂಗದ ಮೇಲೆ ರಾಮನ ಪಾತ್ರಧಾರಿಯು ತಾನು ರಾಮನೆಂದು ಹೇಳಿದರೆ ಅವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲವಷ್ಟೆ.

ಆದರೂ ನನ್ನ ಬುದ್ಧಿಗೆ ಹುಡುಗಿಯ ಪಕ್ಷವೇ ಬಲವಾಗಿ ತೋರುತ್ತದೆ. ಹೇಗೆಂದರೆ, ಆ ಮೇಜಿನ ಮೇಲೆ ಘಟಸರ್ಪವು ಕಲ್ಪಿತ, ಗುಹೆಯು ಕಲ್ಪಿತ, ಖಡ್ಗವು ಕಲ್ಪಿತ. ದಾಳವೊಂದು ಮಾತ್ರ ಕಲ್ಪಿತವಲ್ಲ. ಅದು ನಿಜವಾಗಿಯೂ ಉರುಳಿತು, ನಿಜವಾಗಿಯೂ ಒಂದು ಮುಖವನ್ನು ಮೇಲೆಮಾಡಿ ನಿಂತಿತು. ಗುಹೆಯಲ್ಲಿ ಹೊಗೆಯಿದೆಯೆಂದು ಸೂತ್ರಧಾರನು ಹೇಳಿದಾಗ ಅವನು ಪಾತ್ರದೊಡನೆ ಮಾತನಾಡುತ್ತಾನೆ. ಏಳು ಬಿತ್ತೆಂದು ಹೇಳಿದಾಗ ಎದುರಿಗೆ ಕುಳಿತಿರುವ ಹುಡುಗಿಯೊಡನೆ ಮಾತನಾಡುತ್ತಾನೆ. ಮೊದಲನೆಯದು ನಾಟ್ಯ. ಎರಡನೆಯದು ಸಾಕ್ಷ್ಯ. ನಟನು ರಾಮನೆಂದು ಹೇಳಿಕೊಳ್ಳುವುದು ಸುಳ್ಳಲ್ಲದಿರುವುದು ನೋಡುವವನಿಗೂ ಅದು ತಿಳಿದಿರುವುದರಿಂದಲೇ. ದಾಳದ ಸಂಖ್ಯೆಯ ವಿಷಯದಲ್ಲಿ ಹುಡುಗಿಗೆ ಅಂತಹ ತಿಳಿವಳಿಕೆಯಿರಲಿಲ್ಲ.

ಪ್ರಾಣರಕ್ಷಣೆಗಾಗಿ ಅನೃತವನ್ನು ಧರ್ಮಶಾಸ್ತ್ರವೇ ಕ್ಷಮಿಸುತ್ತದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಕ್ಷಮಿಸುತ್ತದೆ, ನಿಜ. ಆದರೆ ಅಲ್ಲಿ ರಕ್ಷಿತವಾಗುವ ಪ್ರಾಣವು ನಿಜವಾದುದು. ಇಲ್ಲಿ ಉಳಿದದ್ದು ಕಾಗದದ ಮೇಲಿನ ಪ್ರಾಣ. ಅದನ್ನುಳಿಸಲು ವಂಚಿತಳಾದವಳು ಮಾತ್ರ ಜೀವಂತ ಮನುಷ್ಯಳು. ಲಾಭವೆಲ್ಲ ಕಲ್ಪನೆಯ ಕಡೆಗೂ ನಷ್ಟವೆಲ್ಲ ವಾಸ್ತವದ ಕಡೆಗೂ ಬೀಳುವ ಈ ವ್ಯಾಪಾರಕ್ಕೆ ಆ ಶಾಸ್ತ್ರದ ಅಪವಾದವು ಅನ್ವಯಿಸಲಾರದು.

ಹಾಗಾದರೆ ಸೂತ್ರಧಾರನ ಕೈಯನ್ನು ಕಟ್ಟಿಹಾಕಬೇಕೇ? ಹಾಗೂ ನಾನು ಹೇಳೆನು. ಹಕ್ಕು ಬೇರೆ, ಮರೆ ಬೇರೆ. ಇದು ಅನ್ಯಾಯದ ಉರುಳು, ನಾನಿದನ್ನು ತಳ್ಳಿಹಾಕುತ್ತೇನೆ ಎಂದು ಅವನು ಎಲ್ಲರ ಮುಂದೆ ಹೇಳಿದರೆ ಅದು ನಿರ್ಣಾಯಕನ ಅಧಿಕಾರ. ಒಪ್ಪದವರು ಆಕ್ಷೇಪಿಸಬಹುದು, ಆಟವನ್ನು ಬಿಟ್ಟು ಏಳಬಹುದು. ಉರುಳಿಸುವುದಕ್ಕೆ ಮುಂಚೆಯಂತೂ ಅವನ ಸ್ವಾತಂತ್ರ್ಯವು ಅಪಾರ: ಸಾಯಬಾರದವನನ್ನು ದಾಳದ ಬಾಯಿಗೆ ಒಡ್ಡದಿರಬಹುದಾಗಿತ್ತು. ಪಂಚಾಯತರಿಗೆ ವ್ಯಾಜ್ಯವನ್ನು ಒಪ್ಪಿಸಿ, ತೀರ್ಪು ಬಂದಮೇಲೆ ಅದನ್ನು ಗುಟ್ಟಾಗಿ ತಿದ್ದಿ ಓದುವವನನ್ನು ನಾವು ದಯಾಳುವೆನ್ನುವುದಿಲ್ಲ. ಆಟಗಾರರೆಲ್ಲರೂ ಮೊದಲೇ ಸೇರಿ, ನಮಗೆ ಕಥೆಯ ರಸವೇ ಮುಖ್ಯ, ಬೇಕಾದಲ್ಲಿ ತಿದ್ದು, ನಮಗೆ ತಿಳಿಸಬೇಡ ಎಂದು ಸಮಯಮಾಡಿಕೊಂಡಿದ್ದರೆ ಮಾತು ಬೇರೆ. ಆಗ ಅವರೂ ನಾಟಕದ ಪ್ರೇಕ್ಷಕರಂತೆ ಬಲ್ಲವರಾಗಿಯೇ ಕುಳಿತಿರುತ್ತಾರೆ. ಅಂತಹ ಮಂಡಲಿಗಳೂ ಇವೆಯೆಂದು ಕೇಳಿದ್ದೇನೆ. ಅವುಗಳಲ್ಲಿ ದೋಷವನ್ನು ಕಾಣೆನು. ಗೆದ್ದೆವೆಂಬ ಮಾತನ್ನು ಮಾತ್ರ ಅವರು ಸ್ವಲ್ಪ ಮೆಲ್ಲಗೆ ಆಡಬೇಕಾದೀತು.

ಮರುಕಕ್ಕೆ ಇದಕ್ಕಿಂತ ಒಳ್ಳೆಯ ಸ್ಥಾನವೊಂದುಂಟು, ಅದು ನಿಯಮದೊಳಗೇ. 1974ರ ಆಟದಲ್ಲಿ ಪಾತ್ರದ ಪ್ರಾಣಾಂಶಗಳು ಸೊನ್ನೆಗೆ ಇಳಿದರೆ ಸಾವು, ಮುಗಿಯಿತು. 2014ರ ನಿಯಮದಂತೆ ಸೊನ್ನೆಗೆ ಇಳಿದವನು ಸಾಮಾನ್ಯವಾಗಿ ಮೂರ್ಛೆಹೋಗುತ್ತಾನಷ್ಟೆ. ಬಳಿಕ ಸರದಿಗೊಮ್ಮೆ ಇಪ್ಪತ್ತರ ದಾಳವನ್ನು ಉರುಳಿಸಬೇಕು. ಹತ್ತು ಅಥವಾ ಅದಕ್ಕೆ ಮೇಲ್ಪಟ್ಟರೆ ಒಂದು ಜಯ, ಕೆಳಗಾದರೆ ಒಂದು ಸೋಲು. ಮೂರು ಸೋಲುಗಳಿಗೆ ಮೊದಲು ಮೂರು ಜಯಗಳಾದರೆ ಉಳಿದನು. ಯಾರೂ ನೆರವಿಗೆ ಬಾರದಿದ್ದರೂ ಉಳಿಯುವ ಸಂಭವವು ನೂರಕ್ಕೆ ಸುಮಾರು 60 ಎಂದು ಲೆಕ್ಕದಿಂದ ತಿಳಿಯುತ್ತದೆ. ಈ ನಿಯಮದಿಂದ ಆಟದ ಭಯವೇ ಹೋಯಿತೆಂದು ಹಳಬರು ಗೊಣಗುತ್ತಾರೆ. ಹೋಗಿರಲೂಬಹುದು. ಆದರೆ ಇಲ್ಲಿ ತೋರಿದ ದಯೆಯು ಎಲ್ಲರಿಗೂ ತಿಳಿದಿದೆ, ಎಲ್ಲರಿಗೂ ಸಮವಾಗಿದೆ, ಯಾರ ಗೆಲುವನ್ನೂ ಕದಿಯುವುದಿಲ್ಲ.

ಹುಟ್ಟಿನ ಪ್ರಶ್ನೆಯೂ ಈ ಆಟದಲ್ಲಿ ಎರಡು ಬಗೆಯಾಗಿ ತಲೆಯೆತ್ತುತ್ತದೆ. ಮೊದಲಿನ ಪದ್ಧತಿಯಲ್ಲಿ ಆರು ಮುಖದ ಮೂರು ದಾಳಗಳನ್ನು ಉರುಳಿಸಿ ಪಾತ್ರದ ಬಲ, ಬುದ್ಧಿ ಮೊದಲಾದ ಗುಣಗಳನ್ನು ಪಡೆಯುತ್ತಿದ್ದರು. 216 ಬಗೆಗಳಲ್ಲಿ ಒಂದರಲ್ಲಿ ಮಾತ್ರ ಹದಿನೆಂಟು ಬರುವುದು, ಹತ್ತು 27ರಲ್ಲಿ. ಬಂದದ್ದನ್ನು ಹೊತ್ತುಕೊಂಡು ಬದುಕಬೇಕು. ಈಗ ಬೇಕಾದವರು ಎಲ್ಲರಿಗೂ ಸಮನಾದ ಅಂಕಗಳನ್ನು ಕೊಟ್ಟು ಇಚ್ಛೆಯಂತೆ ಹಂಚಿಕೊಳ್ಳಿರೆನ್ನುತ್ತಾರೆ. ಪ್ರಾರಬ್ಧ, ಪುರುಷಕಾರಗಳ ಈ ಚರ್ಚೆ ನಮಗೆ ಹೊಸದಲ್ಲ. ಬಿಟ್ಟು ಮುಂದೆ ಹೋಗುವೆನು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಈ ಲೋಕದಲ್ಲಿ ಓರ್ಕ್ ಎಂಬ ಜನರಿದ್ದಾರೆ. 1977ರ ಪುಸ್ತಕವು ಅವರನ್ನು ನಿಯಮಬದ್ಧ ದುಷ್ಟರೆಂದು ಹೇಳಿತು. 2000ದ ಆವೃತ್ತಿಯು ಅದೇ ಜನರನ್ನು ನಿಯಮರಹಿತ ದುಷ್ಟರೆಂದಿತು. ನಿಯಮವು ಬಂದಿತು, ಹೋಯಿತು. ದುಷ್ಟತನ ಮಾತ್ರ ನಿಂತಿತು. ಒಂದು ಜನಾಂಗವೆಲ್ಲ ಹುಟ್ಟಿನಿಂದಲೇ ದುಷ್ಟವೆಂಬುದನ್ನು ಆಟಕ್ಕಾದರೂ ಒಪ್ಪಬಹುದೇ ಎಂದು ಒಂದು ಪಕ್ಷದವರು ಕೇಳುತ್ತಾರೆ. ಚತುರಂಗದ ಕಪ್ಪು ಕಾಯಿಗಳಿಗಾಗಿ ಯಾರೂ ಅಳುವುದಿಲ್ಲ, ಸಂಶಯವಿಲ್ಲದೆ ಹೊಡೆಯಬಹುದಾದ ಶತ್ರುವಿಲ್ಲದೆ ಸಾಹಸಕಥೆಯೆಲ್ಲಿ ಎಂದು ಇನ್ನೊಂದು ಪಕ್ಷದವರು ಉತ್ತರಿಸುತ್ತಾರೆ. ಚತುರಂಗದ ಕಾಯಿಯು ಮಾತನಾಡುವುದಿಲ್ಲವೆಂಬುದನ್ನು ಅವರು ಮರೆತಂತಿದೆ. ಈ ಆಟದಲ್ಲಿ ಶತ್ರುವಿಗೆ ಸೂತ್ರಧಾರನು ಬಾಯಿ ಕೊಡುತ್ತಾನೆ. ಅವನು ಶರಣೆನ್ನಬಲ್ಲನು, ತನ್ನ ಮಕ್ಕಳ ಹೆಸರನ್ನು ಹೇಳಬಲ್ಲನು. ಅಲ್ಲಿಗೆ ಅವನು ಕಾಯಿಯಾಗಿ ಉಳಿಯಲಿಲ್ಲ. ಓರ್ಕರ ಶಿಬಿರವನ್ನು ಗೆದ್ದಮೇಲೆ ಡೇರೆಯೊಳಗೆ ಕೂಸುಗಳು ಸಿಕ್ಕರೆ ಧರ್ಮನಿಷ್ಠನೆಂದು ವ್ರತತೊಟ್ಟ ವೀರನು ಏನು ಮಾಡಬೇಕೆಂಬುದು ಈ ಆಟಗಾರರಲ್ಲಿ ಹಳೆಯದೊಂದು ವಿವಾದ.

2020ರಲ್ಲಿ ಹುಟ್ಟಿಗೂ ಗುಣಾಂಕಗಳಿಗೂ ಇದ್ದ ಗಂಟನ್ನು ಸಡಲಿಸುವ ಐಚ್ಛಿಕ ನಿಯಮವೊಂದನ್ನು ತಂದರು. 2024ರ ಪುಸ್ತಕದಲ್ಲಿ ಜನಾಂಗವೆಂಬ ಅರ್ಥದ ಶಬ್ದವನ್ನೇ ತೆಗೆದು ಜೀವಜಾತಿಯೆಂಬ ಅರ್ಥದ ಶಬ್ದವನ್ನಿಟ್ಟರು. ಗುಣಾಂಕಗಳ ಹೆಚ್ಚಳವನ್ನು ಹುಟ್ಟಿನಿಂದ ಬಿಡಿಸಿ, ಪಾತ್ರವು ಬೆಳೆದ ಸನ್ನಿವೇಶಕ್ಕೂ ಕಸುಬಿಗೂ ಸೇರಿಸಿದರು. ಓರ್ಕನು ಆಟಗಾರನೇ ವಹಿಸಬಹುದಾದ ಪಾತ್ರಗಳ ಸಾಲಿನಲ್ಲಿ ಬಂದು ಕುಳಿತನು. ಡೇರೆಯೊಳಗಿನ ಕೂಸುಗಳ ವಿಷಯವಾಗಿ ಮಾತ್ರ ದಾಳವನ್ನು ಉರುಳಿಸುವಂತಿಲ್ಲ. ಅದನ್ನು ಮೇಜಿನ ಸುತ್ತ ಕುಳಿತಿರುವ ನಾಲ್ಕೈದು ಮಂದಿಯೇ ಬಾಯಿಬಿಟ್ಟು ಮಾತನಾಡಿ ತೀರ್ಮಾನಿಸಬೇಕಾಗಿದೆ.