ಹಿಂದಿನ ಸೀಟಿನ ಮಾತು

ಗಂಡಹೆಂಡಿರ ನಡುವೆ ಮನಸ್ತಾಪ ತರುವ ಸಂಗತಿಗಳು ಯಾವುವೆಂದು ಕೇಳಿದರೆ ಕುಡಿತ, ಸಂಶಯ, ಅತ್ತೆ ಮನೆಯ ವಿಷಯ ಎಂದು ನಾವೆಲ್ಲರೂ ಪಟ್ಟಿ ಒಪ್ಪಿಸುತ್ತೇವೆ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಗುರುಗಳಾದ ನಾವು ಮಾತನಾಡುವುದೂ ಇವುಗಳ ಬಗ್ಗೆಯೇ. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ಮನೆ ಭೇಟಿಗೆ ಹೋದಾಗ ಕಿವಿಗೆ ಬೀಳುವ ಜಗಳ ಎಷ್ಟೋ ಸಲ ಇದಕ್ಕಿಂತ ಸಣ್ಣದು. ಗಂಡನಿಗೆ ಹೊಸ ಬೈಕು ಬೇಕು. ಹೆಂಡತಿಗೆ ಬೇಡ. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ "ಫಾದರ್, ನೀವೇ ಹೇಳಿ" ಎಂದು ಇಬ್ಬರೂ ಒಟ್ಟಿಗೇ ತಿರುಗುತ್ತಾರೆ.

ನಕ್ಕು ಬಿಟ್ಟುಬಿಡಬಹುದಾದ ವಿಷಯವೆಂದು ತೋರುತ್ತದೆ. ಆದರೂ ಇದರೊಳಗೆ ಒಂದು ಕಷ್ಟದ ಪ್ರಶ್ನೆಯಿದೆ. ಒಟ್ಟಿಗೆ ಬಾಳುವ ಇಬ್ಬರಲ್ಲಿ ಒಬ್ಬರ ಆಸೆಗೆ ಇನ್ನೊಬ್ಬರ ಒಪ್ಪಿಗೆ ಏಕೆ ಬೇಕು? ಬೇಕೆಂದಾದರೆ, ಅದನ್ನು ಹೇಗೆ ಪಡೆದಾಗ ಅದು ನಿಜವಾದ ಒಪ್ಪಿಗೆಯೆನಿಸುತ್ತದೆ?

ಹಿಂದೆ ಈ ಚರ್ಚೆಗೆ ಬೇಕಾದಷ್ಟು ಸಮಯವಿತ್ತು. 1970ರ ದಶಕದಲ್ಲಿ ಬಜಾಜ್ ಚೇತಕ್‌ಗೆ ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಗಾಡಿ ಬರುವ ಹೊತ್ತಿಗೆ ಮಗು ಶಾಲೆಗೆ ಸೇರಿರುತ್ತಿತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ ಗಾಡಿಗಳನ್ನೂ ಆಮೇಲೆ ಯೆಜ್ದಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಯ ಸದ್ದನ್ನು ಬೀದಿಯ ತುದಿಯಲ್ಲೇ ಗುರುತಿಸುತ್ತಿದ್ದ ಹುಡುಗರು ಇಂದು ನಲವತ್ತು, ಐವತ್ತು ದಾಟಿದ ಗೃಹಸ್ಥರು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದ ಮೇಲೆ ಗಂಡಂದಿರ ವಾದಕ್ಕೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಹೊಸ ಅಸ್ತ್ರ ಸಿಕ್ಕಿತು. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಕೊರತೆಯನ್ನು ಸದ್ಗುಣವೆಂದು ಹೊಗಳುವುದು ಹಿರಿಯರ ಒಂದು ಚಾಳಿ. ಆದರೆ ಆಗ ಕಾಯುವಿಕೆಯೇ ಮನೆಯಲ್ಲಿ ಮಧ್ಯಸ್ಥಿಕೆ ವಹಿಸುತ್ತಿತ್ತೆಂಬುದು ಮಾತ್ರ ನಿಜ. ಈಗ ಷೋರೂಮಿನ ಕುರ್ಚಿಯಲ್ಲಿ ಕುಳಿತಲ್ಲಿಗೇ ಸಾಲ ಬರುತ್ತದೆ. ಬೆಳಿಗ್ಗೆ ಹುಟ್ಟಿದ ಆಸೆ ಸಂಜೆಗೆ ಸಹಿಯಾಗಿರುತ್ತದೆ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ನಿನವುಗಳಿಗೆ ಶೇಕಡ 40 ಆಯಿತು. ತೆರಿಗೆಗೆ ಮುಂಚೆ ಒಂದು ಲಕ್ಷ ಬೆಲೆಯ ಗಾಡಿಗೆ ಹತ್ತು ಸಾವಿರ ರೂಪಾಯಿ ಉಳಿಯಿತು. "ಹತ್ತು ಸಾವಿರ ಲಾಭ" ಎಂದು ಗಂಡ ಹೇಳಿದರೆ, "ಕೊಳ್ಳದಿದ್ದರೆ ಒಂದು ಲಕ್ಷದ ಹದಿನೆಂಟು ಸಾವಿರ ಲಾಭ ಕಣ್ರೀ" ಎಂದು ಹೆಂಡತಿ ಹೇಳುತ್ತಾಳೆ. ಲೆಕ್ಕದಲ್ಲಿ ಇಬ್ಬರೂ ಸರಿ. ಅಷ್ಟಾದರೂ ಜಗಳ ಮುಗಿಯುವುದಿಲ್ಲ. ಏಕೆ?

ಗುರುಮಠದಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ನನಗೆ ಒಣ ವ್ಯಾಕರಣದಂತೆ ಕಂಡಿತ್ತು. ಇಂಥ ಮನೆಗಳಲ್ಲಿ ಕುಳಿತ ಮೇಲೆಯೇ ಅದಕ್ಕೆ ಜೀವ ಬಂದದ್ದು. ಅರಿಸ್ಟಾಟಲನನ್ನು ಅನುಸರಿಸಿ ಅವರು ಹೇಳುವುದೇನೆಂದರೆ, ನಾವು ಸಮಾಲೋಚನೆ ಮಾಡುವುದು ಗುರಿಯ ಬಗ್ಗೆ ಅಲ್ಲ, ಗುರಿಗೆ ಹೋಗುವ ದಾರಿಗಳ ಬಗ್ಗೆ. ವೈದ್ಯನು ರೋಗಿಯನ್ನು ಗುಣಪಡಿಸಬೇಕೇ ಬೇಡವೇ ಎಂದು ಯೋಚಿಸುತ್ತಾ ಕೂರುವುದಿಲ್ಲ. ಹೇಗೆ ಗುಣಪಡಿಸಲಿ ಎಂದು ಯೋಚಿಸುತ್ತಾನೆ. ಹಾಗಾದರೆ ಗುರಿಯೇ ಬೇರೆಬೇರೆಯಾದ ಇಬ್ಬರು ದಾರಿಯ ಬಗ್ಗೆ ಎಷ್ಟು ಮಾತಾಡಿದರೂ ಅದು ಸಮಾಲೋಚನೆ ಆಗುವುದಿಲ್ಲ, ಎರಡು ಭಾಷಣಗಳಾಗುತ್ತವೆ.

ರಾಜಾಜಿನಗರದಿಂದ ಪೀಣ್ಯಕ್ಕೆ ಕೆಲಸಕ್ಕೆ ಹೋಗುವ ಒಬ್ಬ ಮನೆಯಾತನನ್ನು ಊಹಿಸಿಕೊಳ್ಳಿ. "ಡ್ಯೂಟಿಗೆ ಹೋಗಲು ಬೈಕು ಬೇಕು" ಎನ್ನುತ್ತಾನೆ. ಹೆಂಡತಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿಗೆ ಆಕೆ ಕಾಸು ಕೊಟ್ಟಿಲ್ಲ. "2014ರಿಂದ ನಿಮ್ಮ ಪೀಣ್ಯಕ್ಕೆ ಮೆಟ್ರೋ ಓಡ್ತಾ ಇದೆಯಲ್ಲ" ಎಂದು ಉತ್ತರ ಕೊಡುತ್ತಾಳೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತೆಂದು ಅವನು. ಏರಿದರೂ ಕಂತಿಗಿಂತ ಕಡಿಮೆಯೆಂದು ಅವಳು. ಒಂದು ಲಕ್ಷ ಇಪ್ಪತ್ತು ಸಾವಿರ ಸಾಲವನ್ನು ಶೇಕಡ 12ರ ಬಡ್ಡಿಗೆ ಮೂರು ವರ್ಷ ತೀರಿಸಿದರೆ ತಿಂಗಳಿಗೆ ಹೆಚ್ಚುಕಡಿಮೆ 4,000 ರೂಪಾಯಿ, ಒಟ್ಟು ಬಡ್ಡಿಯೇ 23,000ಕ್ಕೂ ಮೇಲೆ. ಪ್ರತಿಯೊಂದು ವಾದದಲ್ಲೂ ಅವಳೇ ಗೆಲ್ಲುತ್ತಾಳೆ. ಅವನು ಮಾತ್ರ ಒಂದಂಗುಲವೂ ಅಲುಗುವುದಿಲ್ಲ.

ಏಕೆಂದರೆ ಡ್ಯೂಟಿ ಅವನ ಕಾರಣವೇ ಅಲ್ಲ. ಹದಿನಾರನೇ ವಯಸ್ಸಿನಲ್ಲಿ ಸೋದರಮಾವನ ಯೆಜ್ದಿಯ ಹಿಂದೆ ಕುಳಿತು ಮಾಗಡಿ ರಸ್ತೆಯಲ್ಲಿ ಹೋದ ದಿನದಿಂದ ಅವನ ಮನಸ್ಸಿನಲ್ಲಿ ಒಂದು ಆಸೆ ಕುಳಿತಿದೆ. ತಂಗಿಯ ಮದುವೆ, ಮನೆಯ ಭೋಗ್ಯ, ಮಕ್ಕಳ ಫೀಜು, ಎಲ್ಲಕ್ಕೂ ಅದನ್ನು ಹಿಂದೆ ತಳ್ಳುತ್ತಾ ಬಂದಿದ್ದಾನೆ. ಆ ಆಸೆ ಪಾಪವೇ? ಖಂಡಿತ ಅಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1991ರ ತಮ್ಮ 'ಚೆಂತೆಸಿಮುಸ್ ಆನ್ನುಸ್' ವಿಶ್ವಪತ್ರದಲ್ಲಿ ಬಳಕೆಯ ಸಮಾಜವನ್ನು ವಿಮರ್ಶಿಸಿದಾಗಲೂ, ಚೆನ್ನಾಗಿ ಬದುಕಬೇಕೆಂಬ ಬಯಕೆ ತಪ್ಪೆಂದು ಅವರು ಹೇಳಲಿಲ್ಲ. ಹೊಂದುವುದನ್ನೇ ಬಾಳೆಂದು ತಿಳಿಯುವುದು ತಪ್ಪೆಂದರು. ಇಲ್ಲಿ ತಪ್ಪಿರುವುದು ಆಸೆಯಲ್ಲಿ ಅಲ್ಲ, ಆಸೆಗೆ ಅಗತ್ಯದ ಅಂಗಿ ತೊಡಿಸಿದ್ದರಲ್ಲಿ. ಇದು ಸಣ್ಣ ಸುಳ್ಳು. ಆದರೆ ಮಾತುಕತೆಯನ್ನೇ ಕೆಡಿಸುವ ಸುಳ್ಳು. ಹೇಳಿದ ಕಾರಣಕ್ಕೆ ಅವಳು ಉತ್ತರ ಕೊಡುತ್ತಿದ್ದಾಳೆ, ಹೇಳದ ಕಾರಣ ಅವನ ಎದೆಯಲ್ಲಿ ಹಾಗೇ ಕುಳಿತಿದೆ. (ಬಸವೇಶ್ವರನಗರದ ಒಳಭಾಗದಲ್ಲಿದ್ದು ರಾತ್ರಿ ಪಾಳಿ ಮುಗಿಸಿ ಬರುವವನ ಮಾತು ಬೇರೆ. ಅಲ್ಲಿ ಮೆಟ್ರೋ ನಿಲ್ದಾಣವಿಲ್ಲ, ಆ ಹೊತ್ತಿಗೆ ಬಸ್ಸೂ ಅಪರೂಪ. ಅವನದು ನಿಜವಾದ ಅಗತ್ಯ.)

ಹೆಂಡತಿಯ ಕಡೆಯೂ ಹೀಗೆಯೇ. "ದುಡ್ಡಿಲ್ಲ" ಎನ್ನುತ್ತಾಳೆ. ಕೆಲವೊಮ್ಮೆ ಅದು ದುಡ್ಡೇ. ಕೆಲವೊಮ್ಮೆ ಒಳಗಿರುವುದು ಭಯ. ಇನ್ನು ಕೆಲವೊಮ್ಮೆ, ನಾನು ಕಂಡಂತೆ ಹೆಚ್ಚಾಗಿಯೇ, ಹಳೆಯ ನೋವು: ಹೊಲಿಗೆ ಮೆಷಿನ್ ಕೇಳಿದ್ದೆ, ಅರ್ಧಕ್ಕೆ ನಿಂತ ಓದು ಮುಗಿಸುತ್ತೇನೆಂದಿದ್ದೆ, ಆಗ ಯಾರೂ ನನ್ನ ಜೊತೆ ಹೀಗೆ ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಲಿಲ್ಲವಲ್ಲ ಎಂಬುದು.

ಅಕ್ವಿನಾಸರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಒಂದು ವಿಚಾರದಲ್ಲಿ ಗುರಿಯಾದದ್ದು ಇನ್ನೊಂದು ವಿಚಾರದಲ್ಲಿ ದಾರಿಯಾಗಬಹುದು. ಆದ್ದರಿಂದ ಬೈಕಿನಿಂದ ಮೇಲಕ್ಕೆ ಏರುತ್ತಾ ಹೋಗಬೇಕು. ಬೈಕು ಏತಕ್ಕೆ? ವಾರಕ್ಕೊಂದು ದಿನವಾದರೂ ನನ್ನದೆನ್ನುವ ಸಂತೋಷಕ್ಕೆ. ಅದು ಏತಕ್ಕೆ? ಇಷ್ಟು ವರ್ಷ ದುಡಿದದ್ದು ಬರೀ ತೀರಿಸುವುದಕ್ಕೇ ಎಂಬ ಕಹಿ ಮನಸ್ಸಿನಲ್ಲಿ ಉಳಿಯಬಾರದೆಂದು. ಇಲ್ಲಿಗೆ ಬಂದಾಗ ಹೆಂಡತಿ ತಲೆಯೆತ್ತಿ ನೋಡುತ್ತಾಳೆ. ಆ ಕಹಿ ಅವಳಿಗೂ ಗೊತ್ತು. ಸಮಾಲೋಚನೆ ಶುರುವಾಗಬಹುದಾದ ಜಾಗ ಇದು.

ಈಗ ಭಯದ ಮಾತು. ಇದನ್ನು ಗಂಡಂದಿರು ನಕ್ಕು ತಳ್ಳಿಹಾಕುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದು ಅಂಜುಬುರುಕಿಯ ಕಲ್ಪನೆಯಲ್ಲ. ವಿಮೆಯ ಒಂದು ಸೂಕ್ಷ್ಮವನ್ನೂ ನಮ್ಮ ಕುಟುಂಬಗಳು ತಿಳಿದಿರಬೇಕು. ಬರೀ ಕಾನೂನಿಗೆ ಬೇಕಾದ ಥರ್ಡ್ ಪಾರ್ಟಿ ಪಾಲಿಸಿಯಷ್ಟೇ ಇದ್ದರೆ, ದ್ವಿಚಕ್ರ ವಾಹನದ ಹಿಂದೆ ಸುಮ್ಮನೆ ಕುಳಿತು ಹೋಗುವವರಿಗೆ ಅದರಿಂದ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿದೆ. ಓಡಿಸುವ ಮಾಲೀಕನಿಗೆ ವೈಯಕ್ತಿಕ ಅಪಘಾತ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಹಿಂದೆ ಕುಳಿತವಳು ಆ ಲೆಕ್ಕದಲ್ಲೂ ಇಲ್ಲ. ಪೂರ್ಣ ಪ್ಯಾಕೇಜ್ ಪಾಲಿಸಿ ಮಾಡಿಸಿದರೆ ಆಕೆಯೂ ಒಳಗೆ ಬರುತ್ತಾಳೆ. ಆದರೆ ಹಣ ಉಳಿಸಲು ಮೊದಲು ಕೈಬಿಡುವುದು ಅದನ್ನೇ. ಬೈಕಿನ ವಿಷಯದಲ್ಲಿ "ನಿನಗೇನು ಗೊತ್ತು" ಎಂದು ಕೇಳುವವನು ಇದನ್ನು ಯೋಚಿಸಲಿ. ಹ್ಯಾಂಡಲ್ ಅವನ ಕೈಯಲ್ಲಿದೆ, ಅಪಾಯದಲ್ಲಿ ಅರ್ಧ ಅವಳದು. ಅಪಾಯದಲ್ಲಿ ಪಾಲಿರುವವರಿಗೆ ತೀರ್ಮಾನದಲ್ಲೂ ಪಾಲಿರಬೇಕು ಎನ್ನಲು ದೊಡ್ಡ ತತ್ವಶಾಸ್ತ್ರ ಬೇಕಾಗಿಲ್ಲ.

ಹಾಗೆಂದು ಭಯಕ್ಕೆ ಎಲ್ಲ ಅಧಿಕಾರವನ್ನೂ ಕೊಡಲಾಗದು. "ನೀವು ಮನೆಗೆ ಬರುವವರೆಗೆ ನನ್ನ ಜೀವ ಕೈಯಲ್ಲಿರುತ್ತದೆ" ಎಂಬ ಮಾತು ಪ್ರೀತಿಯಿಂದ ಹುಟ್ಟುತ್ತದೆ, ಆದರೆ ದಿನವೂ ಹೇಳಿದರೆ ಅದೇ ಬೇಲಿಯಾಗುತ್ತದೆ. ಭಯಕ್ಕೆ ಉತ್ತರ ವಾದದಿಂದ ಸಿಗುವುದಿಲ್ಲ, ಕೃತ್ಯದಿಂದ ಸಿಗುತ್ತದೆ: ಇಬ್ಬರಿಗೂ ಒಳ್ಳೆಯ ಹೆಲ್ಮೆಟ್ಟು, ಸರಿಯಾದ ವಿಮೆ, ರಿಂಗ್ ರಸ್ತೆಯಲ್ಲಿ ಮಳೆ ಬಂದರೆ ನಿಲ್ಲಿಸಿಬಿಡುತ್ತೇನೆಂಬ ಮಾತು ಮತ್ತು ಅದನ್ನು ಉಳಿಸಿಕೊಳ್ಳುವುದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರಲ್ಲಿ. ಆದರೂ ಭಾನುವಾರದ ಬಲಿಪೂಜೆಗೆ ಬರುವಾಗ ಗಂಡನ ತಲೆಯ ಮೇಲೆ ಹೆಲ್ಮೆಟ್, ಹೆಂಡತಿಯ ತಲೆಯ ಮೇಲೆ ಸೆರಗು, ನಡುವೆ ಮಗು ಬರಿತಲೆಯಲ್ಲಿ. ದೇವಾಲಯದ ಆವರಣದಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಚೌಕಾಸಿ. "ನಿಮಗೆ ಬೈಕು, ನನಗೆ ಎರಡೆಳೆ ಸರ" ಎಂಬ ಒಪ್ಪಂದ. ಮದುವೆ ಸಂತೆಯಲ್ಲ, ಹೀಗೆ ಕೊಡುಕೊಳ್ಳುವುದು ಪ್ರೀತಿಗೆ ತಕ್ಕುದಲ್ಲ ಎಂದು ಕೆಲವು ಗುರುಗಳು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ನಿನಗೂ ಒಂದು ಬೇಕು ಇದೆಯೆಂದು ಇನ್ನೊಬ್ಬರು ಗುರುತಿಸುವುದೇ ಎಷ್ಟೋ ಮನೆಗಳಲ್ಲಿ ದೊಡ್ಡ ಹೆಜ್ಜೆ. ಹಣದ ತಕರಾರನ್ನು ಹಣದಿಂದ ಸರಿದೂಗಿಸಬಹುದು. ಆದರೆ ಭಯವನ್ನು ಸರ ಕೊಟ್ಟು ಕೊಂಡುಕೊಳ್ಳಲಾಗದು. ಹಳೆಯ ನೋವನ್ನಂತೂ ಸಾಧ್ಯವೇ ಇಲ್ಲ. ಕೊರಳಲ್ಲಿ ಸರ, ಎದೆಯಲ್ಲಿ ಅದೇ ಭಾರ ಉಳಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಮೌನದಿಂದ ಗೆಲ್ಲುವುದು. ಹತ್ತು ದಿನ ಊಟಕ್ಕೆ ಕುಳಿತರೂ ಮಾತಿಲ್ಲ, ಮಕ್ಕಳ ಮೂಲಕ ಸಂದೇಶ. ಹನ್ನೊಂದನೇ ದಿನ ಅವಳು "ತಗೊಳ್ಳಿ, ಏನಾದರೂ ಮಾಡ್ಕೊಳ್ಳಿ" ಎನ್ನುತ್ತಾಳೆ. "ಒಪ್ಪಿದ್ದಾಳೆ ಫಾದರ್" ಎಂದು ಅವನು ಸಂತೋಷದಿಂದ ಹೇಳುತ್ತಾನೆ. ಬಿರುಗಾಳಿಯಲ್ಲಿ ಹಡಗು ಮುಳುಗದಿರಲೆಂದು ನಾವಿಕ ಸರಕನ್ನು ಸಮುದ್ರಕ್ಕೆ ಎಸೆಯುವ ಉದಾಹರಣೆಯನ್ನು ಅರಿಸ್ಟಾಟಲ್ ಕೊಡುತ್ತಾನೆ. ಎಸೆದದ್ದು ಅವನ ಕೈಯೇ, ಆದರೆ ಬಿರುಗಾಳಿಯಿಲ್ಲದಿದ್ದರೆ ಯಾವ ನಾವಿಕನೂ ಹಾಗೆ ಎಸೆಯುವುದಿಲ್ಲ. ಅವಳ ಒಪ್ಪಿಗೆಯೂ ಅಂಥದ್ದು. ಬಿರುಗಾಳಿ ಎಬ್ಬಿಸಿದವನೇ ಅದನ್ನು ಒಪ್ಪಿಗೆಯೆಂದು ತೋರಿಸುವುದು ನ್ಯಾಯವಲ್ಲ. ಬೈಕನ್ನು ಹೇಳದೆ ಕೇಳದೆ ತಂದು, ಹಾರ ಹಾಕಿ ಬಾಗಿಲ ಮುಂದೆ ನಿಲ್ಲಿಸುವುದು ಇದರ ಇನ್ನೊಂದು ರೂಪ. ಆಶೀರ್ವಾದಕ್ಕೆಂದು ಗಾಡಿ ತಂದಾಗ ಹೆಂಡತಿ ಗೇಟಿನ ಹತ್ತಿರ ದೂರ ನಿಂತಿದ್ದರೆ ನನಗೆ ಕಥೆ ಅರ್ಥವಾಗುತ್ತದೆ. ತೀರ್ಥ ಚಿಮುಕಿಸುವ ಮೊದಲು ನಾನು ಆಕೆಯನ್ನು ಹತ್ತಿರ ಕರೆದು ನಿಲ್ಲಿಸಿಕೊಳ್ಳುತ್ತೇನೆ.

ಎಷ್ಟು ಮಾತಾಡಿದರೂ ಒಮ್ಮತ ಬರದಿದ್ದರೆ? ಮನೆಯ ಯಜಮಾನ ಗಂಡ, ಅವನ ಮಾತೇ ಕೊನೆ ಎನ್ನುವವರು ಸಂತ ಪೌಲರನ್ನು ಹೆಸರಿಸುತ್ತಾರೆ. ಆದರೆ ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ, ಹೆಂಡತಿಯರಿಗೆ ಹೇಳುವ ಮುನ್ನವೇ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂಬ ಬೋಧನೆ ಇದೆ. ಅದನ್ನು ಅವರು ಓದದೆ ದಾಟುತ್ತಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1135ನೇ ವಿಧಿ ದಾಂಪತ್ಯದ ಸಹಬಾಳ್ವೆಗೆ ಸಂಬಂಧಿಸಿದ ವಿಷಯಗಳಲ್ಲಿ ಇಬ್ಬರಿಗೂ ಸಮಾನ ಹಕ್ಕು, ಸಮಾನ ಕರ್ತವ್ಯವನ್ನು ವಿಧಿಸುತ್ತದೆ. ಮೂರು ವರ್ಷ ಮನೆಯ ಅಕ್ಕಿ ಬೇಳೆಯ ದುಡ್ಡಿನಿಂದ ಕಂತು ಹೋಗುವ ಸಾಲ ಸಹಬಾಳ್ವೆಯ ವಿಷಯವಲ್ಲದೆ ಮತ್ತೇನು? ಒಮ್ಮತವಿಲ್ಲದಿದ್ದಾಗ ಈಗಿರುವ ಸ್ಥಿತಿಯೇ ಸ್ವಲ್ಪ ಕಾಲ ಮುಂದುವರಿಯಲಿ ಎಂಬುದು ನನ್ನ ಅಭಿಪ್ರಾಯ. ಕೊಂಡದ್ದನ್ನು ಹಿಂದಿರುಗಿಸುವುದು ಕಷ್ಟ, ಕೊಳ್ಳದ್ದನ್ನು ನಾಳೆಯೂ ಕೊಳ್ಳಬಹುದು. ಆದರೆ ಬೇಡವೆಂದವರೂ ದಿನಾಂಕ ಕೊಡಬೇಕು. "ಮುಂದಿನ ಈಸ್ಟರ್‌ಗೆ ಮತ್ತೆ ಕುಳಿತು ಮಾತಾಡೋಣ" ಎನ್ನುವುದು ಒಂದು ಉತ್ತರ. "ನೋಡೋಣ" ಎನ್ನುವುದು ಉತ್ತರವಲ್ಲ.

ವಿಜಯನಗರದ ಕಡೆಯ ಒಬ್ಬ ತಾಯಿ ಈ ಜಗಳಕ್ಕೆ ಕಂಡುಕೊಂಡ ದಾರಿ ನನಗೆ ಹೊಳೆದಿರಲೇ ಇಲ್ಲ. ಬೈಕು ಬೇಡವೆಂದು ಒಂದು ವರ್ಷ ಹಟ ಹಿಡಿದ ಆಕೆ, ನಲವತ್ತೆರಡನೇ ವಯಸ್ಸಿನಲ್ಲಿ ಅಕ್ಕನ ಮಗಳ ಸ್ಕೂಟರಿನಲ್ಲಿ ಓಡಿಸಲು ಕಲಿತರು. ಮೊದಲ ವಾರ ಮೊಣಕಾಲು ಕೆತ್ತಿಕೊಂಡರು. ಎರಡನೇ ತಿಂಗಳಿಗೆ ಲೈಸೆನ್ಸು ಬಂತು. ಆಮೇಲೆ ಗಂಡನ ಜೊತೆ ಷೋರೂಮಿಗೆ ಹೋದವರು ಬಣ್ಣ ಕೇಳಲಿಲ್ಲವಂತೆ. ಬ್ರೇಕು ಯಾವ ತರಹದ್ದು, ಸೀಟು ಎಷ್ಟು ಎತ್ತರ, ನನ್ನ ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ಕೇಳಿದರಂತೆ. ಗಂಡ ಬಯಸಿದ್ದು ದೊಡ್ಡ ಗಾಡಿ, ಇಬ್ಬರೂ ನೋಡಿ ಬಂದದ್ದು ಚಿಕ್ಕದು. ಇನ್ನೂ ಕೊಂಡಿಲ್ಲ. ಮೊದಲು ಆಕೆಯ ಚೀಟಿ ಎತ್ತುವುದೇ, ಸಾಲ ಮಾಡುವುದೇ ಎಂಬುದರ ಮೇಲೆ ಈಗ ಮಾತು ನಡೆದಿದೆ.