ಶೆಲ್ಲಿನೊಳಗಿನ ಕರಿಪುಡಿ

ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಮೊದಲೆಲ್ಲ ಎರಡು ಶೆಲ್ಲಿನ ಬ್ಯಾಟರಿ ಇರುತ್ತಿತ್ತು. ಮುಗಿದ ಶೆಲ್ಲನ್ನು ಕಲ್ಲಿನಿಂದ ಜಜ್ಜಿ, ನಡುವಿನ ಕಡ್ಡಿ ಕಿತ್ತು ಗೋಡೆಯ ಮೇಲೆ ಗೀಚುತ್ತಿದ್ದೆವು. ಕಡ್ಡಿಗೆ ಮೆತ್ತಿದ ಕರಿಪುಡಿ ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಆ ಪುಡಿಯ ಬಹುಪಾಲು ಮ್ಯಾಂಗನೀಸ್ ಡೈಆಕ್ಸೈಡ್. ನೀರಿನಲ್ಲಿ ಕರಗಿದ ವಿಷವನ್ನು ಒಡೆಯುವಾಗ ಓಝೋನ್‌ಗೆ ಕೈಜೋಡಿಸುವ ಲೋಹದ ಆಕ್ಸೈಡ್‌ಗಳಲ್ಲಿ ಅದೂ ಒಂದು.

ಈ ವಿಷ ನಮಗೆ ದೂರದ್ದಲ್ಲ. ನಮ್ಮ ರಾಯಚೂರು ಕಡೆಯ ಸಿಂಧನೂರು, ಮಸ್ಕಿಯ ಭತ್ತಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ. ಲಿಂಗಸುಗೂರಿನ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆ. ನಾಟಿಯಾದ ಕೂಡಲೇ ಕಳೆಗೆ, ಆಮೇಲೆ ಹುಳಕ್ಕೆ, ಬೆಂಕಿರೋಗಕ್ಕೆ ಎಂದು ಎಣ್ಣೆ, ಅಂದರೆ ವಿಷದ ಔಷಧಿ, ಹೊಡೆಯುತ್ತೇವೆ. ಗದ್ದೆಯ ಬಸಿನೀರು ಹಳ್ಳಕ್ಕಿಳಿಯುತ್ತದೆ. ಹಳ್ಳದ ಕೆಳಗೂ ಊರುಗಳಿವೆ. ಪಟಕ ಆಡಿಸಿದರೆ ಕೆಸರು ತಳ ಸೇರುತ್ತದೆ, ಬ್ಲೀಚಿಂಗ್ ಪುಡಿಗೆ ಕ್ರಿಮಿ ಸಾಯುತ್ತದೆ. ನೀರಿನಲ್ಲಿ ಕರಗಿದ ಎಣ್ಣೆ ಮಾತ್ರ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಅದನ್ನು ಒಡೆಯಬಲ್ಲ ಓಝೋನ್ ಹೊಸತೇನಲ್ಲ. ಫ್ರಾನ್ಸಿನ ನೀಸ್ ನಗರದಲ್ಲಿ 1906ರಲ್ಲೇ ಕುಡಿಯುವ ನೀರನ್ನು ಅದರಿಂದ ಶುದ್ಧ ಮಾಡತೊಡಗಿದ್ದರು. ಆದರೆ ಅದು ಎಲ್ಲ ವಿಷವನ್ನೂ ಒಂದೇ ಸಮ ಒಡೆಯುವುದಿಲ್ಲ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್‌ನಂಥ ಕಳೆನಾಶಕ ಬರೀ ಓಝೋನ್‌ಗೆ ಸುಲಭಕ್ಕೆ ಬಗ್ಗದು. ಮ್ಯಾಂಗನೀಸ್ ಅಥವಾ ಕಬ್ಬಿಣದ ಆಕ್ಸೈಡ್ ಜೊತೆಗಿದ್ದರೆ ಅದರ ಮೈಮೇಲೆ ಓಝೋನ್ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಬದುಕದ ಈ ಕಣ ಸಿಕ್ಕ ಸಾವಯವ ಅಣುಗಳಲ್ಲಿ ಬಹುತೇಕವನ್ನು ಹರಿದುಹಾಕುತ್ತದೆ. ಆಕ್ಸೈಡ್ ಮಾತ್ರ ಈ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ. ಶಾಲೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ಗೆ ಚಿಟಿಕೆ ಕರಿಪುಡಿ ಹಾಕಿದಾಗ ಬುಸುಬುಸು ನೊರೆ ಉಕ್ಕಿ, ಕೊನೆಗೆ ಪುಡಿ ತಳದಲ್ಲಿ ಹಾಗೇ ಉಳಿಯುತ್ತಿತ್ತಲ್ಲ, ಹಾಗೆ.

ತೊಡಕುಗಳೂ ಇವೆ. ಓಝೋನನ್ನು ಸಿಲಿಂಡರಿನಲ್ಲಿ ತುಂಬಿಟ್ಟುಕೊಳ್ಳಲಾಗದು. ಬೇಕಾದಲ್ಲೇ ಕರೆಂಟಿನಿಂದ ತಯಾರಿಸಬೇಕು. ವಿಷ ಅರ್ಧ ಒಡೆದು ಉಳಿದ ಚೂರುಗಳೂ ಅಪಾಯ ತರಬಹುದು. ಆಕ್ಸೈಡಿನಿಂದ ಮ್ಯಾಂಗನೀಸ್ ನೀರಿಗೆ ಸೋರದಂತೆ ಕಾಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಆ ರ‍್ಯಾಡಿಕಲ್‌ಗಳನ್ನು ನಡುವೆಯೇ ನುಂಗಿಬಿಡುತ್ತದೆ. ಹೀಗಾಗಿ ಎಲ್ಲೋ ದೂರದ ಪ್ರಯೋಗಾಲಯದಲ್ಲಿ ಶುದ್ಧ ನೀರಿಟ್ಟು ಬರೆದ ಫಲಿತಾಂಶ ಬೈಕಾರ್ಬೊನೇಟ್ ಬೆರೆತ ನಮ್ಮ ಎರೆಮಣ್ಣಿನ ಹಳ್ಳಕ್ಕೆ ಹೊಂದುತ್ತದೆಂದು ನಂಬಿ ಕೂರಲಾಗದು.

ಈ ಪ್ರಯೋಗವನ್ನು ಇಲ್ಲೇ ಮಾಡಿ ನೋಡಬೇಕು ಎಂಬುದು ನನ್ನ ಆಸೆ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರಿದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ನೀರಿನ ಮಾದರಿಯನ್ನು ಬೇಸಿಗೆಯಲ್ಲಿ ಊರ ನಲ್ಲಿಯಿಂದ ಹಿಡಿದರೆ ಸಾಲದು. ಎಣ್ಣೆ ಹೊಡೆದ ವಾರದಲ್ಲಿ, ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ಬಸಿಗಾಲುವೆ ಹಳ್ಳಕ್ಕೆ ಕೂಡುವ ಜಾಗದಲ್ಲಿ ಬಾಟಲಿ ತುಂಬಿಕೊಳ್ಳಬೇಕು.