ಕೊಳೆತ ಮರಕ್ಕೆ ಕರ್ತೃ ಯಾರು?

ವೇದಾಂತದ ಪಾಠಕ್ಕೆ ಕೂತವರಿಗೆಲ್ಲ ಆ ಕುಂಬಾರ ಗೊತ್ತು. ಮಣ್ಣು ಮಡಕೆಗೆ ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಮಣ್ಣು ಸುಮ್ಮನೆ ಬಿದ್ದಿರುತ್ತದೆ, ಮಾಡುವವನು ಮಾಡುತ್ತಾನೆ. ಅಮೆರಿಕದ ಶಿಲ್ಪಿ ಮಾರ್ಕ್ ಲಿಂಡ್‌ಕ್ವಿಸ್ಟ್ ಅವರ ಲೇತ್ ಮುಂದೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಅಲ್ಲಿ ಉಪಾದಾನವೇ ಅರ್ಧ ಕೆಲಸ ಮುಗಿಸಿಕೊಂಡು ಬಂದಿರುತ್ತದೆ.

1949ರಲ್ಲಿ ಹುಟ್ಟಿದ ಮಾರ್ಕ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನೌಕರಿ ಮಾಡಿದ ಅವರ ತಂದೆ ಮೆಲ್, ಬಡಗಿಗಳು ಸೌದೆಗೆ ಎಸೆಯುವಂಥ ಕೊಳೆಯುತ್ತಿರುವ ದಿಮ್ಮಿಗಳನ್ನು ಹುಡುಕಿ ತಂದು ಕಡೆದರು. 1977ರಲ್ಲಿ ‘ಫೈನ್ ವುಡ್‌ವರ್ಕಿಂಗ್’ ಪತ್ರಿಕೆಗೆ ಮಾರ್ಕ್ ಬರೆದ ಲೇಖನದ ಶೀರ್ಷಿಕೆಯಲ್ಲೇ ಸಾವು, ಕೊಳೆತ ಎರಡೂ ಇದ್ದವು, ಜೊತೆಗೆ ರತ್ನವೂ ಇತ್ತು.

ಅಂಥ ದಿಮ್ಮಿಯಿಂದ ಕಡೆದ ಮೇಪಲ್ ಬಟ್ಟಲನ್ನು ಹತ್ತಿರದಿಂದ ನೋಡಬೇಕು. ಬಿಳಿಚಿದ ಮೈಮೇಲೆ ಮಸಿಯಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆಗಳು, ಭೂಪಟದ ಗಡಿಗಳ ಹಾಗೆ. ನಿಜಕ್ಕೂ ಅವು ಗಡಿಗಳೇ. ಒಂದು ಶಿಲೀಂಧ್ರದ ವಸಾಹತು ಇನ್ನೊಂದಕ್ಕೆ ಎದುರಾದಾಗ ತನ್ನ ಪಾಲು ಕಾಯಲು ಮೆಲನಿನ್ ತುಂಬಿದ ಗೋಡೆ ಕಟ್ಟಿಕೊಳ್ಳುತ್ತದೆ. ಗೆರೆ ಗಟ್ಟಿ, ಪಕ್ಕದ ಬಿಳಿ ಭಾಗ ಮೆತ್ತಗೆ. ಉಳಿ ತಾಗಿಸಿದರೆ ಗೆರೆ ನಿಲ್ಲುತ್ತದೆ, ಬಿಳಿ ನಾರು ಕಿತ್ತು ಬರುತ್ತದೆ. ಹಾಗಾಗಿ ಕೊನೆಯ ರೂಪವನ್ನು ಉಜ್ಜಿ ಉಜ್ಜಿಯೇ ತರಬೇಕು.

ಮರ ಕಡೆಯುವ ಕಲಾವಿದರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ರೂಪ ಮರದೊಳಗೇ ಇತ್ತು, ನಾನು ನೆಪ ಮಾತ್ರ. ಕೇಳಲು ಗೀತೆಯ ನಿಮಿತ್ತಭಾವದ ಹಾಗಿದೆ. ಆದರೆ ಹಾಗೆ ಹೇಳಿಸಿಕೊಂಡ ಅರ್ಜುನನೂ ಬಿಲ್ಲು ಎತ್ತಲೇಬೇಕಾಯಿತಲ್ಲ! ಇಲ್ಲೂ ಅಷ್ಟೆ. ದಿಮ್ಮಿಯನ್ನು ಬೇಗ ಎತ್ತಿಕೊಂಡರೆ ಗೆರೆ ಮೂಡಿರುವುದಿಲ್ಲ, ತಡವಾದರೆ ಮರ ಬೆರಳಿಗೇ ಪುಡಿಯಾಗುತ್ತದೆ. ತೇವ ಶೇ. 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಕೊಳೆತಕ್ಕೆ ಇಷ್ಟು ಸಾಕು ಎಂದು ಮರ ಒಣಗಿಸಿ ನಿಲ್ಲಿಸುವವನು ಮನುಷ್ಯನೇ. ಆ ತೀರ್ಮಾನವನ್ನು ಮರದ ತಲೆಗೆ ಕಟ್ಟುವುದು ವಿನಯವಲ್ಲ, ಜಾರಿಕೊಳ್ಳುವ ಜಾಣತನ.

ಚನ್ನಪಟ್ಟಣದ ಕುಶಲಕರ್ಮಿಗೆ ಈ ತಾಪತ್ರಯವಿಲ್ಲ. ಅವನಿಗೆ ಬೇಕಾದದ್ದು ಕಲೆಯಿಲ್ಲದ ಬಿಳಿ ಆಲೆಮರ, ಬಣ್ಣವೆಲ್ಲ ಅರಗಿನಿಂದ. ಕುಂಬಾರನ ಉದಾಹರಣೆ ಅವನಿಗೆ ಬಹುಪಾಲು ಒಪ್ಪುತ್ತದೆ.

ಶಿಲೀಂಧ್ರದ ಬಣ್ಣ ಹೊಸ ಶೋಧವೇನಲ್ಲ. ಇಟಲಿಯ ನವೋದಯ ಕಾಲದ ಮರದ ಚಿತ್ತಾರಗಳಲ್ಲಿನ ಹಸಿರು ತುಣುಕುಗಳಿಗಿರುವುದು ಎಷ್ಟೋ ಕಡೆ ಕ್ಲೋರೋಸಿಬೋರಿಯಾ ಎಂಬ ಶಿಲೀಂಧ್ರ ಹಾಸಿದ ಬಣ್ಣವೇ. ಈಗ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಸಂಶೋಧಕರು ತಳಿ ಆರಿಸಿ ಮರಕ್ಕೆ ಬಿತ್ತಿ ನೋಡಿದ್ದಾರೆ. ಯಾವ ತಳಿ, ಎಷ್ಟು ತೇವ, ಎಷ್ಟು ವಾರ ಎಂಬುದೆಲ್ಲ ಮನುಷ್ಯನ ಹಿಡಿತಕ್ಕೆ ಬರುತ್ತಿದೆ. ಕಪ್ಪು ಗೆರೆ ಯಾವ ದಾರಿ ಹಿಡಿದು ಹೋಗಬೇಕೆಂಬುದನ್ನು ಮಾತ್ರ ಈಗಲೂ ಶಿಲೀಂಧ್ರಗಳೇ ತೀರ್ಮಾನಿಸಿಕೊಳ್ಳುತ್ತವೆ.